ಲಾಲ್ ಟೇಕ್ಡಿ ಗುಡಿಯ ಗುಟ್ಟು ಅಷ್ಟು ಅವಸರದಲ್ಲಿ ಬಯಲಾದದ್ದು ಯಾಕೆ?

2020ರ ಜುಲೈ 25, ಶನಿವಾರ, ನಾಗರ ಪಂಚಮಿ. ಡೊಂಬಿವ್ಲಿಯ ನಮ್ಮ ಕಟ್ಟಡದಲ್ಲಿ ಕಾರ್ಕಳ, ಉಡುಪಿ ಕಡೆಯವರೇ ಜಾಸ್ತಿ. ಬೇರೆ ವರ್ಷವಾದರೆ ಮನೆಗೊಬ್ಬರಾದರೂ ಊರಿಗೆ ಹೋಗಿ ಮೂಲದ ನಾಗಬನದಲ್ಲಿ ತನು ಹಾಕಿ (ನಾಗನಿಗೆ ಹಾಲು, ಸೀಯಾಳ ಎರೆದು) ಬರುತ್ತಿದ್ದರು. ಆ ವರ್ಷ ಕೊರೋನಾ. ಮುಂಬೈಯಿಂದ ಹೋದವರಿಗೆ ಊರಲ್ಲಿ ಕ್ವಾರಂಟೈನ್. ಪಕ್ಕದ ಮನೆಯ ಅಕ್ಕ ಬೆಳಗ್ಗೆ ಒಂದು ಲೋಟ ಹಾಲು, ಒಂದು ಸೀಯಾಳ, ಚಿಟಿಕೆ ಅರಿಶಿನ ದೇವರ ಮುಂದಿಟ್ಟು ಊರಿನ ದಿಕ್ಕಿಗೆ ಕೈ ಮುಗಿದರು. ರಾತ್ರಿ ಎಂಟಕ್ಕೆ ಕಲರ್ಸ್ ಚಾನೆಲ್ ಹಾಕಿದರು. ಸೇಡಿನ ನಾಗಿಣಿಯ ಹಿಂದಿ ಸೀರಿಯಲ್ 'ನಾಗಿನ್'ನ ನಾಲ್ಕನೇ ಸೀಸನ್‌ನ ಕೊನೆಯ ಕಂತುಗಳು ಬರುತ್ತಿದ್ದ ದಿನಗಳವು.

ಆಗಸ್ಟ್ ಎರಡನೇ ವಾರ ಬರುವಷ್ಟರಲ್ಲಿ, ಕಥೆಯಲ್ಲಿ ಬರುವ ಲಾಲ್ ಟೇಕ್ಡಿ ಗುಡಿಯ ಗುಟ್ಟೂ ಬಯಲಾಗಿ, ಕಥೆ ಮುಗಿದೇ ಹೋಗಿತ್ತು. "ಇಷ್ಟು ತಿಂಗಳು ಕಾಯಿಸಿ ಹೀಗೆ ಮುಗಿಸುದಾ ಮಾರಾಯ್ರೆ?" ಅಂದರು ಅಕ್ಕ. ಅವರ ಬೇಸರ ನನಗೆ ನ್ಯಾಯವಾಗಿಯೇ ಕಂಡಿತು. ಈ ಅವಸರ ಬರೀ ಕೊರೋನಾದಿಂದ ಬಂದದ್ದಲ್ಲ, ಅದರ ಬೇರು ಹಳೆಯದು.

ದೂರದರ್ಶನದ ಕಾಲದಲ್ಲಿ ಸೀರಿಯಲ್‌ಗೆ 13, 26, 52 ಅಂತ ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ಸಿಗುತ್ತಿತ್ತು. ವಾರಕ್ಕೊಂದು ಕಂತು, 13 ವಾರ ಅಂದರೆ ಮೂರು ತಿಂಗಳು. ಬರೆಯುವವರಿಗೆ ಮೊದಲ ದಿನವೇ ದಡ ಕಾಣುತ್ತಿತ್ತು. 1985ರಲ್ಲಿ ಬಂದ ರಮಾನಂದ ಸಾಗರ್ ಅವರ 'ವಿಕ್ರಮ್ ಔರ್ ಬೇತಾಳ್'ನಲ್ಲಂತೂ ಒಂದೊಂದು ವಾರಕ್ಕೆ ಒಂದೊಂದು ಕಥೆ. ಬೇತಾಳ ಪ್ರಶ್ನೆ ಕೇಳಿದ, ವಿಕ್ರಮ ಉತ್ತರ ಕೊಟ್ಟ, ಬೇತಾಳ ಮರಕ್ಕೆ ಹಾರಿದ. ಮುಗೀತು. 1993ರ 'ಝೀ ಹಾರರ್ ಶೋ', 1995ರ 'ಆಹಟ್' ಕೂಡ ಒಂದು ದೆವ್ವದ ಕಥೆಯನ್ನು ಕೆಲವು ಕಂತುಗಳಲ್ಲಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದವು.

2000ದ ಜುಲೈನಲ್ಲಿ, ಮುಂದೆ 'ನಾಗಿನ್' ಕೂಡ ಮಾಡಿದ ನಿರ್ಮಾಪಕಿ ಏಕ್ತಾ ಕಪೂರ್ ಅವರ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಶುರುವಾಯಿತು. 2008ರವರೆಗೆ 1,800ಕ್ಕೂ ಹೆಚ್ಚು ಕಂತು ಓಡಿತು. ಆಮೇಲೆ ಮುಗಿಯದೇ ಇರುವುದೇ ಸೀರಿಯಲ್‌ನ ಗುಣ ಅನ್ನುವಂತಾಯಿತು. ಟಿಆರ್‌ಪಿ ಇರುವವರೆಗೆ ಎಳೆಯುವುದು, ಬಿದ್ದರೆ 'ಇಪ್ಪತ್ತು ವರ್ಷಗಳ ನಂತರ' ಅಂತ ಲೀಪ್ ಕೊಡುವುದು.

ಸಂಸಾರದ ಕಥೆಗೆ ಇದು ಹೇಗೋ ನಡೆಯುತ್ತದೆ. ಅತ್ತೆ ಸೊಸೆ ಜಗಳಕ್ಕೆ ಕೊನೆ ಎಲ್ಲಿದೆ? ಆದರೆ ನಾಗಿಣಿಯ ಕಥೆ ನಿಂತಿರುವುದೇ ಒಂದು ಶಪಥದ ಮೇಲೆ. ಅಪ್ಪ ಅಮ್ಮನನ್ನು ಕೊಂದವರು ಐದು ಜನ ಅಂದರೆ ಐದು ಜನ. ಐದನೆಯವನು ಸತ್ತ ಮೇಲೆ ಕಥೆಗೆ ಉಸಿರಿಲ್ಲ. (ಇಚ್ಛಾರೂಪಿ ನಾಗಿಣಿಯ ಈ ಸೇಡು ಹಿಂದಿ ಸಿನಿಮಾದ್ದು. ನಮ್ಮ ಬನದ ನಾಗ ನೆಲ ಕಾಯುವವನು, ಎರಡನ್ನೂ ಬೆರೆಸಬಾರದು ಅಂತ ಅಕ್ಕ ಪ್ರತಿ ಸಲ ಹೇಳುತ್ತಾರೆ.)

ಅದಕ್ಕೇ 2015ರ ನವೆಂಬರ್ 1ರಂದು 'ನಾಗಿನ್' ಬಂದಾಗ ನನಗೆ ಖುಷಿಯಾಗಿತ್ತು. ಶನಿವಾರ, ಭಾನುವಾರ ಮಾತ್ರ. ಸೀಸನ್ ಲೆಕ್ಕ, ಅಂದರೆ ಕೊನೆ ಇದೆ. ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ಹಳ್ಳಿಗಳ ವೀಕ್ಷಕರನ್ನೂ ಲೆಕ್ಕಕ್ಕೆ ಸೇರಿಸಿದ್ದು ಅದರ ಹಿಂದಿನ ತಿಂಗಳಷ್ಟೇ. 'ನಾಗಿನ್' ಸೀದಾ ಪಟ್ಟಿಯ ಮೇಲಕ್ಕೆ ಹೋಯಿತು. ಮೊದಲ ಸೀಸನ್ 2016ರ ಜೂನ್‌ನಲ್ಲಿ ಮುಗಿಯಿತು, ಎರಡನೆಯದು 2017ರ ಜೂನ್‌ನಲ್ಲಿ. ಎರಡನೆಯದರ ಕೊನೆಯಲ್ಲಿ ಗಂಡ ರಾಕಿಯೇ ನಾಗಿಣಿ ಶಿವಾಂಗಿಯನ್ನು ಕೊಂದ. ಆ ಗಂಟು ಬಿಚ್ಚಲು 2019ರ ಮೇ ತಿಂಗಳಲ್ಲಿ, ಮೂರನೇ ಸೀಸನ್‌ನ ಕೊನೆಗೆ, ಶಿವಾಂಗಿಯಾಗಿದ್ದ ಮೌನಿ ರಾಯ್ ಮತ್ತೆ ಬರಬೇಕಾಯಿತು. ಸೀಸನ್‌ನ ಕೊನೆ ಅನ್ನುವುದು ಮುಂದಿನ ಸೀಸನ್‌ನ ಪ್ರೋಮೋ ಆಗುತ್ತಾ ಹೋದದ್ದು ಇಲ್ಲಿಂದಲೇ ಅಂತ ನನ್ನ ಲೆಕ್ಕ.

ನಾಲ್ಕನೆಯದು 2019ರ ಡಿಸೆಂಬರ್‌ನಲ್ಲಿ ಶುರು. ನಿಯಾ ಶರ್ಮಾ ನಾಯಕಿ. ಲಾಲ್ ಟೇಕ್ಡಿ ಗುಡಿಯಲ್ಲಿ ಏನಿದೆ ಅನ್ನುವ ಗುಟ್ಟನ್ನು ಮೊದಲಿಂದಲೂ ಕಾಪಾಡಿಕೊಂಡು ಬಂದಿದ್ದರು. 2020ರ ಮಾರ್ಚ್ 19ರಿಂದ ಚಿತ್ರೀಕರಣ ಬಂದ್. ಮೇ ತಿಂಗಳಲ್ಲಿ ಏಕ್ತಾ ಕಪೂರ್ ವಿಡಿಯೊ ಮಾಡಿ, ಈ ಸೀಸನ್ ಮುಗಿಸುತ್ತೇವೆ, ಹಿಂದೆಯೇ ಐದನೆಯದು ಬರುತ್ತದೆ ಅಂದರು. ಮಹಾರಾಷ್ಟ್ರ ಸರ್ಕಾರ ಮೇ ಕೊನೆಗೆ ಚಿತ್ರೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಸೆಟ್‌ನಲ್ಲಿ ಮೂರನೇ ಒಂದು ಭಾಗದಷ್ಟೇ ಜನ, 65 ದಾಟಿದ ಕಲಾವಿದರು ಬರುವಂತಿಲ್ಲ. ಮದುವೆ, ಹೊಡೆದಾಟ, ಗುಂಪಿನ ದೃಶ್ಯ ತೆಗೆಯುವುದೇ ಕಷ್ಟ. ನಾಗಿಣಿ ಕಥೆಯ ಕೊನೆಗೆ ಬೇಕಾದದ್ದು ಇವೇ ಅಲ್ವಾ? ಗುಡಿಯ ಮುಂದೆ ಎಲ್ಲರೂ ಸೇರಬೇಕು, ಒಬ್ಬೊಬ್ಬರೇ ಬೀಳಬೇಕು. ನಿಧಾನಕ್ಕೆ ಹರಡಬೇಕಿದ್ದದ್ದನ್ನು ಕೆಲವೇ ಕಂತುಗಳಲ್ಲಿ ತುಂಬಿದರು. ಆ ಸೆಟ್‌ನಲ್ಲಿ ಮಾಸ್ಕ್ ಹಾಕಿಕೊಂಡು ದೀಪ ಹಿಡಿದವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಕೊನೆ ಏನು ಅಂತ ಮೊದಲೇ ಬರೆದಿಟ್ಟಿದ್ದರೆ ಎಷ್ಟೇ ಕತ್ತರಿಸಿದರೂ ಬೆನ್ನೆಲುಬು ಉಳಿಯುತ್ತಿತ್ತು.

ಕೊನೆಯ ಬಗ್ಗೆ ಯೋಚಿಸುವಾಗ ಗಿರೀಶ ಕಾರ್ನಾಡರ 'ನಾಗಮಂಡಲ' ನೆನಪಾಗದೆ ಇರುವುದಿಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ ನಾಟಕ ಅದು. ಅಲ್ಲಿ ಕಥೆಯೇ ಒಂದು ಪಾತ್ರ. ಒಂದು ಮುಕ್ತಾಯದಲ್ಲಿ ನಾಗ ಸಾಯುತ್ತಾನೆ. ಕೇಳುವವರಿಗೆ ಅದು ಒಪ್ಪಿಗೆಯಾಗುವುದಿಲ್ಲ. ಆಗ ಇನ್ನೊಂದು ಮುಕ್ತಾಯ ಬರುತ್ತದೆ, ನಾಗ ಬದುಕಿ ನಾಯಕಿ ರಾಣಿಯ ಕೂದಲಲ್ಲೇ ಉಳಿಯುತ್ತಾನೆ. ಎರಡು ಕೊನೆ ಇದ್ದರೂ ಎರಡೂ ಕಥೆಯ ಒಳಗಿಂದಲೇ ಬಂದವು.

ಆರನೇ ಸೀಸನ್‌ದು ಉಲ್ಟಾ ಕಥೆ. 2022ರ ಫೆಬ್ರವರಿಯಲ್ಲಿ ಶುರುವಾದದ್ದು 2023ರ ಜುಲೈವರೆಗೆ ಎಳೆಯಿತು, ನಡುವೆ ಲೀಪ್ ಬೇರೆ. ಮುಗಿಸಬೇಕಾದಾಗ ಮುಗಿಸಲಿಲ್ಲ, ಅಷ್ಟೇ. ಚಾನೆಲ್‌ನವರು ಮೊದಲ ಪ್ರೋಮೋದಲ್ಲೇ ಇಷ್ಟು ಕಂತು ಅಂತ ಹೇಳಿಬಿಡಲಿ ಅನ್ನುವುದು ನನ್ನ ಆಸೆ. ವೆಬ್ ಸರಣಿಗಳು ಎಂಟು, ಹತ್ತು ಅಂತ ಹೇಳಿಯೇ ಶುರು ಮಾಡುತ್ತವೆ. ದೂರದರ್ಶನದಲ್ಲೂ ಅದು ನಡೆದಿತ್ತು.

ಅಕ್ಕ ಲೀಪ್ ಬಂದ ವಾರವೇ ಆರನೇ ಸೀಸನ್ ನೋಡುವುದನ್ನು ಬಿಟ್ಟಿದ್ದರು. ಅದು ಮುಗಿಯಿತು ಅಂತ ಅವರಿಗೆ ಗೊತ್ತಾದದ್ದು ನಾನು ಹೇಳಿದ ಮೇಲೆಯೇ.