ಹೊಸ ಮನುಷ್ಯನಾದ ಮೇಲೂ ಹಳೆಯ ಪಾಪ ಯಾಕೆ ಬಿಡುತ್ತಿಲ್ಲ?

ಪ್ರಶ್ನೆ: ಯೇಸುವನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡಿದ್ದೇನೆ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ ಅಂತ ಸಭೆಯಲ್ಲಿ ಕೇಳುತ್ತಲೇ ಇರುತ್ತೇನೆ. ಆದರೆ ಅದೇ ಹಳೆಯ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತಿದ್ದೇನೆ. ಹಾಗಾದರೆ ನಾನು ನಿಜವಾಗಿ ಬದಲಾಗಿಲ್ವಾ? ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಪ್ರಲೋಭನೆ, ಬಂದಾಗ ಈ ಹೊಸ ಗುರುತಿನಿಂದ ಏನು ಪ್ರಯೋಜನ?

ಉತ್ತರ: ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಒಳಗೊಳಗೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ. "ಮೊದಲು ಈ ಪಾಪ ಬಿಟ್ಟುಬಿಡಬೇಕು. ಆಮೇಲೆ ನಾನು ಹೊಸ ಮನುಷ್ಯ ಅಂತ ಹೇಳಿಕೊಳ್ಳಬಹುದು." ಅಪೊಸ್ತಲ ಪೌಲ ಹೇಳುವುದು ಇದರ ಉಲ್ಟಾ. ಗುರುತು ಮೊದಲು, ಹೋರಾಟ ಆಮೇಲೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತದೆ ಅನ್ನಿಸಬಹುದು. ನನ್ನ ಪ್ರಕಾರ ಎಲ್ಲವೂ ನಿಂತಿರುವುದು ಇದರ ಮೇಲೇ.

ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಮೊದಲಿನಿಂದ ಓದುತ್ತಾ ಬನ್ನಿ. ಐದು ಅಧ್ಯಾಯ ಮುಗಿದರೂ ಪೌಲ ಓದುಗರಿಗೆ ನೇರವಾಗಿ "ಹೀಗೆ ಮಾಡಿ" ಅನ್ನುವುದಿಲ್ಲ. ಮನುಷ್ಯನ ಗತಿ ಏನು, ದೇವರು ಏನು ಮಾಡಿದನು, ಕ್ರಿಸ್ತನ ಮರಣದಿಂದ ಏನಾಯಿತು ಅಂತ ಹೇಳುತ್ತಲೇ ಹೋಗುತ್ತಾನೆ. ಓದುಗರಿಗೆ ಮೊದಲ ನೇರ ಆಜ್ಞೆ ಬರುವುದು 6ನೇ ಅಧ್ಯಾಯದ 11ನೇ ವಚನದಲ್ಲಿ. ಅದು ಕೂಡ "ಪಾಪ ಬಿಡಿ" ಅಂತಲ್ಲ. ನೀವು ಪಾಪದ ಪಾಲಿಗೆ ಸತ್ತವರು, ಕ್ರಿಸ್ತ ಯೇಸುವಿನಲ್ಲಿ ದೇವರಿಗಾಗಿ ಬದುಕುವವರು ಎಂದು ಎಣಿಸಿಕೊಳ್ಳಿ ಅಂತ. ಪಾಪವು ನಿಮ್ಮನ್ನು ಆಳದಿರಲಿ ಅನ್ನುವ ಮಾತು ಅದರ ಮುಂದಿನ ವಚನದ್ದು.

ಎಣಿಸಿಕೊಳ್ಳುವುದು ಅಂದರೆ ಮನಸ್ಸಿಗೆ ಸುಮ್ನೆ ಧೈರ್ಯ ಹೇಳಿಕೊಳ್ಳುವುದಲ್ಲ. ಅದಕ್ಕೆ ಮುಂಚಿನ ವಚನಗಳಲ್ಲಿ ಪೌಲ ಕಾರಣ ಕೊಟ್ಟಿದ್ದಾನೆ. ದೀಕ್ಷಾಸ್ನಾನ ಹೊಂದಿದವರು ಕ್ರಿಸ್ತನ ಮರಣದಲ್ಲಿ ಪಾಲುಗಾರರಾದರು, ಅವನ ಜೊತೆ ಹೂಣಲ್ಪಟ್ಟರು, ಅವನು ಎದ್ದ ಹಾಗೆ ಅವರೂ ಹೊಸ ಜೀವದಲ್ಲಿ ನಡೆಯಬೇಕು. ಇದು ನಿಮ್ಮ ಭಾವನೆಯೊಳಗೆ ನಡೆದದ್ದಲ್ಲ. ಶಿಲುಬೆಯ ಮೇಲೆ, ಸಮಾಧಿಯಲ್ಲಿ ನಡೆದದ್ದು. ಹಾಗಾಗಿ ಒಂದು ದಿನ ಬೆಳಿಗ್ಗೆ ಎದ್ದಾಗ ಪ್ರಾರ್ಥನೆಗೆ ಮನಸ್ಸೇ ಬಾರದಿದ್ದರೂ ನಡೆದದ್ದು ಅಳಿಸಿಹೋಗುವುದಿಲ್ಲ.

ಆದರೆ ಇಲ್ಲೇ ಬಹಳ ಜನ ಎಡವುತ್ತಾರೆ. "ಪಾಪದ ಪಾಲಿಗೆ ಸತ್ತಿದ್ದೇನೆ ಅಂದಮೇಲೆ ಆಸೆಯೂ ಸಾಯಬೇಕಿತ್ತಲ್ವಾ?" ಇಲ್ಲ. ಪೌಲ ಪಾಪವನ್ನು ಒಬ್ಬ ಯಜಮಾನನ ಹಾಗೆ ಚಿತ್ರಿಸುತ್ತಾನೆ. ಗುಲಾಮ ಸತ್ತರೆ ಯಜಮಾನನ ಹಕ್ಕು ಅಲ್ಲಿಗೆ ಮುಗಿಯಿತು. ಮುಗಿದದ್ದು ಹಕ್ಕು. ಯಜಮಾನನ ಕೂಗು ಇನ್ನೂ ಕಿವಿಗೆ ಬೀಳುತ್ತದೆ. ಬೀಳದಿದ್ದರೆ "ಆಳದಿರಲಿ" ಅಂತ ಎಚ್ಚರಿಸುವ ಅಗತ್ಯವೇ ಇರುತ್ತಿರಲಿಲ್ಲ. ಗಲಾತ್ಯದವರಿಗೆ ಬರೆಯುವಾಗಲೂ ಅವನು ಮುಚ್ಚುಮರೆ ಮಾಡುವುದಿಲ್ಲ: ಶರೀರಭಾವ, ಅಂದರೆ ನಮ್ಮೊಳಗಿನ ಹಳೆಯ ಪಾಪದ ಒಲವು, ದೇವರ ಆತ್ಮನಿಗೆ ವಿರುದ್ಧ, ಆತ್ಮನು ಶರೀರಭಾವಕ್ಕೆ ವಿರುದ್ಧ, ಎರಡಕ್ಕೂ ಜಗಳ. ನಿಮ್ಮೊಳಗೆ ಈ ಜಗಳ ನಡೆಯುತ್ತಿದೆಯಾ? ಹಾಗಾದರೆ ಅಲ್ಲಿ ಎರಡು ಕಡೆಯವರಿದ್ದಾರೆ ಅಂತಾಯಿತು. ನಿಮ್ಮನ್ನು ಹೆದರಿಸುತ್ತಿರುವ ಹೋರಾಟವೇ ಹೊಸ ಜೀವ ಇರುವುದಕ್ಕೆ ಗುರುತಾಗಿರಬಹುದು.

ಈ ಉಳಿದಿರುವ ಆಸೆಯನ್ನು ಏನೆಂದು ಕರೆಯಬೇಕು ಅನ್ನುವುದರಲ್ಲಿ ಸಭೆಗಳು ಒಂದೇ ಮಾತು ಹೇಳುವುದಿಲ್ಲ. ದೀಕ್ಷಾಸ್ನಾನದ ನಂತರವೂ ಪಾಪದ ಕಡೆ ಎಳೆಯುವ ಒಲವು ಉಳಿಯುತ್ತದೆ, ಆದರೆ ಆ ಒಲವೇ ನಿಜವಾದ ಅರ್ಥದಲ್ಲಿ ಪಾಪವಲ್ಲ ಎಂದು ಕ್ಯಾಥೊಲಿಕ್ ಸಭೆ 1546ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ ಬಿಷಪರ ಮಹಾಸಭೆಯಲ್ಲಿ ಹೇಳಿತು. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಪ್ರಕಾರ ಅದೂ ಪಾಪವೇ. ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. ಮೆಥೊಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ ಇಡೀ ಹೃದಯ ದೇವರ ಪ್ರೀತಿಯಿಂದ ತುಂಬುವ ಪರಿಪೂರ್ಣತೆಯನ್ನು ಈ ಜೀವನದಲ್ಲೇ ನಿರೀಕ್ಷಿಸಬಹುದು ಎಂದು ಬೋಧಿಸಿದನು. ವ್ಯತ್ಯಾಸ ಸಣ್ಣದಲ್ಲ. ಆದರೂ ಎಳೆತ ಇದೆ ಅನ್ನುವ ಒಂದೇ ಕಾರಣಕ್ಕೆ ನೀನು ಕ್ರಿಸ್ತನವನಲ್ಲ ಅಂತ ಈ ಮೂವರಲ್ಲಿ ಯಾರೂ ಹೇಳುವುದಿಲ್ಲ.

ಶೋಧನೆ ಬರುವುದೇ ಸೋಲು ಅಂದುಕೊಳ್ಳುವವರೂ ಇದ್ದಾರೆ. ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ, ಯೇಸು ಎಲ್ಲಾ ವಿಷಯಗಳಲ್ಲಿ ನಮ್ಮ ಹಾಗೆಯೇ ಶೋಧನೆಗೆ ಒಳಗಾದನು, ಆದರೆ ಪಾಪ ಮಾಡಲಿಲ್ಲ. ಮತ್ತಾಯ ಬರೆದ ಸುವಾರ್ತೆಯಲ್ಲಿ ಯೇಸುವಿನ ಶೋಧನೆಯ ಘಟನೆ ಎಲ್ಲಿ ಬರುತ್ತದೆ ನೋಡಿ. 3ನೇ ಅಧ್ಯಾಯದ ಕೊನೆಗೆ ಯೇಸು ಯೊರ್ದನ್ ಹೊಳೆಯ ನೀರಿನಿಂದ ಮೇಲಕ್ಕೆ ಬರುತ್ತಾನೆ. "ಈತನು ನನ್ನ ಪ್ರಿಯ ಮಗನು, ಈತನನ್ನು ನಾನು ಮೆಚ್ಚಿದ್ದೇನೆ" ಎಂದು ಆಕಾಶದಿಂದ ಧ್ವನಿ ಆಗುತ್ತದೆ. ಅಲ್ಲಿಯವರೆಗೆ ಮತ್ತಾಯ ಅವನ ಒಂದು ಉಪದೇಶವನ್ನಾಗಲಿ ಒಂದು ಅದ್ಭುತವನ್ನಾಗಲಿ ಬರೆದಿಲ್ಲ. ಏನೂ ಸಾಧಿಸಿ ತೋರಿಸುವ ಮೊದಲೇ ತಂದೆಯ ಮೆಚ್ಚುಗೆ ಸಿಕ್ಕಿಬಿಟ್ಟಿದೆ. ಮುಂದಿನ ಅಧ್ಯಾಯದಲ್ಲಿ ಅಡವಿ, ನಲವತ್ತು ದಿನದ ಉಪವಾಸ, ಹಸಿವು. ಆಗ ಶೋಧಕನಾದ ಸೈತಾನನ ಬಾಯಿಂದ ಬಂದ ಮೊದಲ ಮಾತು: "ನೀನು ದೇವರ ಮಗನಾಗಿದ್ದರೆ..." ಎರಡನೇ ಸಲವೂ ಅದೇ ಮಾತಿನಿಂದ ಶುರು. ರೊಟ್ಟಿಯ ಆಸೆ ತೋರಿಸುವುದಕ್ಕೆ ಮುಂಚೆ ಅವನು ಕೈ ಹಾಕಿದ್ದು ಗುರುತಿಗೆ. ಯೇಸು ಅದನ್ನು ಸಾಬೀತು ಮಾಡಲು ಹೋಗಲಿಲ್ಲ. ತಂದೆ ಹೇಳಿದ್ದು ಅವನಿಗೆ ಸಾಕಾಗಿತ್ತು. ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದ ಉತ್ತರ ಕೊಟ್ಟನು.

ನಮ್ಮ ಮಟ್ಟಕ್ಕೆ ಬರೋಣ. ರಾತ್ರಿ ಎಲ್ಲರೂ ಮಲಗಿದ್ದಾರೆ. ಕೈಯಲ್ಲಿ ಫೋನ್. ನೋಡಬಾರದ್ದನ್ನು ನೋಡಬೇಡ ಅಂತ ಮನಸ್ಸು ಹೇಳುತ್ತಿದೆ, ಬೆರಳು ಮಾತ್ರ ಹುಡುಕುವ ಜಾಗಕ್ಕೆ ಹೋಗಿದೆ. ಆ ಕ್ಷಣದಲ್ಲಿ ತಲೆಯೊಳಗೆ ಏನು ಓಡುತ್ತದೆ ಅಂತ ಗಮನಿಸಿ. ಆಸೆ ಒಂದೇ ಮಾತಾಡುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ದನಿ ಇರುತ್ತದೆ: "ನಿನ್ನ ಹಣೆಬರಹ ನನಗೆ ಗೊತ್ತಿಲ್ವಾ? ಹೋದ ವಾರವೂ ಹೀಗೇ ಆಯ್ತು. ನೀನು ಇಷ್ಟೇ." ಬೀಳಿಸುವುದರಲ್ಲಿ ಈ ಎರಡನೇ ದನಿಯ ಪಾಲು ಜಾಸ್ತಿ. ತಾನು ಹೇಗೂ ಇಷ್ಟೇ ಅಂತ ನಂಬಿದವನಿಗೆ ಎದುರು ನಿಲ್ಲಲು ಕಾರಣವೇ ಉಳಿಯುವುದಿಲ್ಲ. ಅಲ್ಲಿ "ನಾನು ಗಟ್ಟಿಮನಸ್ಸಿನವನು" ಅಂತ ಉತ್ತರ ಕೊಟ್ಟರೆ ನಿಲ್ಲುವುದಿಲ್ಲ, ಅದು ಸುಳ್ಳು ಅಂತ ನಿಮಗೇ ಗೊತ್ತು. "ನಾನು ಕ್ರಿಸ್ತನವನು, ಈ ಕಣ್ಣು ಈ ಕೈ ಅವನದು" ಅನ್ನಿ. ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಎರಡೂ ಬೇಕು. ಪೌಲನೂ ಎರಡನ್ನೂ ಒಂದೇ ವಚನದಲ್ಲಿ ಹೇಳಿದ್ದಾನೆ: ಕರ್ತನಾದ ಯೇಸು ಕ್ರಿಸ್ತನನ್ನು ಧರಿಸಿಕೊಳ್ಳಿ, ಶರೀರದ ಆಸೆಗಳಿಗೆ ದಾರಿ ಮಾಡಿಕೊಡಬೇಡಿ. ಮಿಲಾನಿನ ಒಂದು ತೋಟದಲ್ಲಿ 386ರಲ್ಲಿ, ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನ್ ತೆರೆದು ಓದಿದ್ದು ಇದೇ ಮಾತನ್ನು. ಹಳೆಯ ಚಾಳಿಯ ಸಂಕೋಲೆಯಲ್ಲಿ ವರ್ಷಗಟ್ಟಲೆ ಒದ್ದಾಡಿದ್ದ ಅವನು ಮರುವರ್ಷ ದೀಕ್ಷಾಸ್ನಾನ ಪಡೆದನು.

ಕೊರಿಂಥದ ಸಭೆಯ ಅವಸ್ಥೆ ಗೊತ್ತಲ್ವಾ? ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು, ವೇಶ್ಯೆಯರ ಸಹವಾಸ ಇತ್ತು, ಕರ್ತನ ಭೋಜನಕ್ಕೆ ಬಂದವರಲ್ಲೇ ಅಮಲೇರಿದವರಿದ್ದರು. ಅವರನ್ನು ಪೌಲ ದೇವಜನರೆಂದೇ ಕರೆದು ಪತ್ರ ಶುರು ಮಾಡುತ್ತಾನೆ. ಮೊದಲನೇ ಪತ್ರಿಕೆಯ 6ನೇ ಅಧ್ಯಾಯ ಒಂದರಲ್ಲೇ "ನಿಮಗೆ ಗೊತ್ತಿಲ್ಲವೋ?" ಅಂತ ಆರು ಸಲ ಕೇಳುತ್ತಾನೆ. ನಿಮ್ಮ ದೇಹ ಪವಿತ್ರಾತ್ಮನ ಆಲಯ, ಗೊತ್ತಿಲ್ಲವೋ? ನಿಮ್ಮಲ್ಲಿ ಕೆಲವರು ಹಿಂದೆ ಇಂಥ ಪಾಪಗಳಲ್ಲೇ ಇದ್ದಿರಿ, ಆದರೆ ತೊಳೆಯಲ್ಪಟ್ಟಿರಿ ಅಂತಾನೆ. ಇದು ಮೃದುವಾದ ಮಾತೇನಲ್ಲ, ಬಹಳ ಖಾರವಾದ ಗದರಿಕೆ. ಆದರೆ ತಾವು ಯಾರೆಂಬುದನ್ನು ಮರೆತವರಿಗೆ ಹಾಕುವ ಗದರಿಕೆ. ಕೃಪೆ ಇದೆಯಲ್ಲಾ, ಪಾಪ ಮಾಡಿದರೇನಂತೆ ಅನ್ನುವವರಿಗೂ ರೋಮಾಪುರದವರಿಗೆ 6ನೇ ಅಧ್ಯಾಯದ ಶುರುವಿನಲ್ಲೇ ಇಂಥದ್ದೇ ಉತ್ತರ ಇದೆ: ಎಂದಿಗೂ ಕೂಡದು.

ಇನ್ನೊಂದು ವಿಷಯ. ಬಿಡುವುದರಲ್ಲೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಎಫೆಸದವರಿಗೆ 4ನೇ ಅಧ್ಯಾಯದಲ್ಲಿ ಕಳ್ಳನಿಗೆ ಹೇಳಿರುವ ಮಾತು ನನಗೆ ಬಹಳ ಇಷ್ಟ. ಇನ್ನು ಕದಿಯಬೇಡ, ಕೈಯಾರೆ ದುಡಿ, ಕಷ್ಟದಲ್ಲಿರುವವರಿಗೆ ಕೊಡಲು ನಿನ್ನ ಹತ್ತಿರ ಏನಾದರೂ ಇರಲಿ. ಕದಿಯದೆ ಸುಮ್ಮನೆ ಕೂತವನು ಇನ್ನೂ ಕದಿಯದಿರುವ ಕಳ್ಳ ಅಷ್ಟೇ. ಅದೇ ಕೈ ಕೊಡಲು ಶುರು ಮಾಡಿದಾಗ ಅವನು ಬೇರೆಯೇ ಮನುಷ್ಯ. ನಾಲಿಗೆ ಹರಿತ ಇರುವವರು ಬಾಯಿ ಮುಚ್ಚಿಕೊಂಡಿದ್ದರೆ ಸಾಲದು, ಯಾರನ್ನು ನೋಯಿಸಿದರೋ ಅವರ ಬಗ್ಗೆ ಒಳ್ಳೆಯ ಮಾತಾಡಲು ಕಲಿಯಬೇಕು.

ಮತ್ತೆ ಬಿದ್ದರೆ? ಯೋಹಾನನ ಮೊದಲನೇ ಪತ್ರಿಕೆ ವಿಶ್ವಾಸಿಗಳಿಗೇ ಬರೆದದ್ದು. ನಮ್ಮಲ್ಲಿ ಪಾಪವಿಲ್ಲವೆಂದರೆ ನಮ್ಮನ್ನು ನಾವೇ ಮೋಸಗೊಳಿಸಿಕೊಳ್ಳುತ್ತೇವೆ, ಅರಿಕೆ ಮಾಡಿದರೆ ದೇವರು ಕ್ಷಮಿಸಿ ಶುದ್ಧಿಮಾಡುತ್ತಾನೆ ಎಂದು ಅದು ಹೇಳುತ್ತದೆ. ಒಮ್ಮೆ ಬಿದ್ದ ಮೇಲೆ "ಹೇಗೂ ಇವತ್ತು ಹಾಳಾಯ್ತು, ನಾಳೆ ನೋಡೋಣ" ಅಂತ ಅನ್ನಿಸುವ ಒಂದು ಗಂಟೆ ಇದೆಯಲ್ಲಾ, ಬಹಳ ಅಪಾಯದ ಹೊತ್ತು ಅದು. ಮುಖ ತೋರಿಸಲು ಯೋಗ್ಯತೆ ಬರಲಿ ಅಂತ ನಾಳೆಯವರೆಗೆ ಕಾಯಬೇಡಿ. ಮಗನಾಗಿ, ಮಗಳಾಗಿ ಹಾಗೇ ತಂದೆಯ ಹತ್ತಿರ ಹೋಗಿ.

ಕುಡಿತ, ಅಶ್ಲೀಲ ವಿಡಿಯೊ, ಜೂಜು ಇಂಥವು ಚಟವಾಗಿ ಬೇರು ಬಿಟ್ಟಿದ್ದರೆ ಒಬ್ಬರೇ ಗುದ್ದಾಡಬೇಡಿ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಎಂದು ಯಾಕೋಬ ಬರೆದಿದ್ದಾನೆ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವುದು ನಂಬಿಕೆ ಕಡಿಮೆಯಾದದ್ದರ ಲಕ್ಷಣವಲ್ಲ. ಗುಟ್ಟು ಕಾಯುವ, ನಿಮ್ಮನ್ನು ಕೀಳಾಗಿ ಕಾಣದ, ಮುಂದಿನ ವಾರ ತಾವಾಗಿಯೇ "ಹೇಗಿದ್ದೀಯಾ?" ಅಂತ ವಿಚಾರಿಸುವ ಒಬ್ಬ ವಿಶ್ವಾಸಿ ನಿಮಗೆ ಗೊತ್ತಿದ್ದರೆ, ಇವತ್ತೇ ಅವರಿಗೆ ಫೋನ್ ಮಾಡಿ.