ಎಸಿಗೆ ಪ್ಲಸ್ ಮೈನಸ್ ಎಲ್ಲಿಂದ ಬಂತು? ಸ್ಪೀಕರ್ ವೈರಿಂಗ್ ಟಿಪ್ಪಣಿ

ಹಳೆಯ ಸ್ಪೀಕರ್ ಜೋಡಿಯನ್ನು ಹಾಲಿನಲ್ಲಿ ನಾಲ್ಕು ಮೀಟರ್ ಅಂತರದಲ್ಲಿಟ್ಟು, ಗೋಡೆ ಸುತ್ತಿ ವೈರ್ ಎಳೆದು ಹಾಡು ಹಾಕಿದೆ. ಒಂದೊಂದನ್ನೇ ಕೇಳಿದರೆ ಚೆನ್ನಾಗಿತ್ತು. ಎರಡನ್ನೂ ಒಟ್ಟಿಗೆ ಹಚ್ಚಿದರೆ ತಬಲಾದ ಡಗ್ಗಾದ ದಪ್ಪ ಗುಂ ಸದ್ದು ಮಾಯ. "ಒಂದೇ ಇದ್ದಾಗ ಚೆನ್ನಾಗಿತ್ತಲ್ಲೋ" ಅಂದಳು ಅಮ್ಮ. ಮೂರು ದಿನ ಆಂಪ್ಲಿಫೈಯರನ್ನು ಬೈದೆ. ತಪ್ಪು ನನ್ನದೇ. ಒಂದು ಸ್ಪೀಕರ್‌ಗೆ ವೈರ್ ಉಲ್ಟಾ ಕೊಟ್ಟಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾನು ಎಡವಿದ ಜಾಗ

ಆಂಪ್‌ನಿಂದ ಸ್ಪೀಕರ್‌ಗೆ ಹೋಗುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. 100 ಹರ್ಟ್ಸ್ ಸ್ವರವಾದರೆ ಕರೆಂಟ್ ಸೆಕೆಂಡಿಗೆ 100 ಸಲ ಹೋಗಿ 100 ಸಲ ವಾಪಸ್ ಬರುತ್ತದೆ. ಹಾಗಿದ್ದ ಮೇಲೆ ಕೆಂಪು ಟರ್ಮಿನಲ್, ಕಪ್ಪು ಟರ್ಮಿನಲ್ ಯಾಕೆ? ಬಲ್ಬಿಗೆ ಇಲ್ಲದ ಪ್ಲಸ್ ಮೈನಸ್ ಇದಕ್ಕೆ ಯಾಕೆ ಬೇಕು? ಹೀಗೆ ಯೋಚಿಸಿಯೇ ಕೈಗೆ ಬಂದ ಹಾಗೆ ಸಿಕ್ಕಿಸಿದ್ದೆ. ದಡ್ಡತನ ಅಲ್ಲ, ಅರ್ಧ ಬುದ್ಧಿವಂತಿಕೆ!

ನಾನು ಒಂದೇ ಸ್ಪೀಕರ್ ಬಗ್ಗೆ ಯೋಚಿಸುತ್ತಿದ್ದೆ. ಒಂದೇ ಇದ್ದರೆ ಉಲ್ಟಾ ಕೊಟ್ಟರೂ ಕಿವಿಗೆ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಎರಡಿದ್ದಾಗ ಮಾತು ಬೇರೆ. ಇಲ್ಲಿ ಪ್ಲಸ್ ಅಂದರೆ ಕರೆಂಟ್ ಯಾವಾಗಲೂ ಅಲ್ಲಿಂದಲೇ ಒಳಗೆ ಹೋಗುತ್ತದೆ ಎಂದಲ್ಲ. ಕೆಂಪು ಕಡೆ ವೋಲ್ಟೇಜ್ ಏರಿದ ಗಳಿಗೆಯಲ್ಲಿ ಕೋನ್ (ಸ್ಪೀಕರಿನಲ್ಲಿ ಗಾಳಿ ತಳ್ಳುವ ಬಟ್ಟಲಿನಾಕಾರದ ಭಾಗ) ಮುಂದಕ್ಕೆ ಬರಬೇಕು, ಇಳಿದಾಗ ಹಿಂದಕ್ಕೆ ಹೋಗಬೇಕು. ಅದೊಂದು ಒಪ್ಪಂದ, ಅಷ್ಟೇ.

ಕೆಸರಲ್ಲಿ ಆಟೋ ಹೂತುಕೊಂಡಿದೆ ಅಂದುಕೊಳ್ಳಿ. ಇಬ್ಬರು ಹಿಂದೆ ನಿಂತು ಹಿಂದಕ್ಕೂ ಮುಂದಕ್ಕೂ ತೂಗಾಡಿಸುತ್ತಾರೆ. ದಿಕ್ಕು ಬದಲಾಗುತ್ತಲೇ ಇದೆ, ಅಂದರೆ ಅದೂ ಎಸಿಯೇ. ಆದರೆ ಐಸಾ ಅಂದಾಗ ಇಬ್ಬರೂ ಒಟ್ಟಿಗೆ ತಳ್ಳಬೇಕು, ಒಟ್ಟಿಗೆ ಎಳೆಯಬೇಕು. ಒಬ್ಬ ತಳ್ಳುವಾಗ ಇನ್ನೊಬ್ಬ ಎಳೆದರೆ ಬೆವರು ಬಂತು, ಆಟೋ ಅಲ್ಲೇ ಇತ್ತು. ನನ್ನ ಹಾಲಿನ ಗಾಳಿಯ ಪಾಡೂ ಇದೇ ಆಗಿತ್ತು.

ಸರಿ, ಡಗ್ಗಾ ಮಾತ್ರ ಯಾಕೆ ಹೋಯಿತು, ತಾಳದ ಸದ್ದು ಯಾಕೆ ಉಳಿಯಿತು? ಇದಕ್ಕೆ ಇನ್ನೊಂದು ಸಂಜೆ ಹೋಯಿತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 50 ಹರ್ಟ್ಸ್ ಅಲೆಯ ಉದ್ದ ಸುಮಾರು 6.9 ಮೀಟರ್. ನಾನು ಕೂರುವ ಕುರ್ಚಿಗೆ ಒಂದು ಸ್ಪೀಕರ್ ಇನ್ನೊಂದಕ್ಕಿಂತ ಅರ್ಧ ಮೀಟರ್ ಹತ್ತಿರ. ಅಷ್ಟುದ್ದದ ಅಲೆಗೆ ಅರ್ಧ ಮೀಟರ್ ಲೆಕ್ಕಕ್ಕೇ ಇಲ್ಲ. ಒಂದರ ಉಬ್ಬು ಹೋಗಿ ಇನ್ನೊಂದರ ತಗ್ಗಿನ ಮೇಲೆ ಕೂರುತ್ತದೆ, ಹೆಚ್ಚಿನಂಶ ಅಳಿದುಹೋಗುತ್ತದೆ. ಆದರೆ 5,000 ಹರ್ಟ್ಸ್ ಅಲೆ ಬರೀ 7 ಸೆಂ.ಮೀ. ಅದೇ ಅರ್ಧ ಮೀಟರಿನಲ್ಲಿ ಅಂಥ ಏಳು ಅಲೆ ಹಿಡಿಸುತ್ತವೆ. ತಲೆ ಸ್ವಲ್ಪ ಅಲುಗಿದರೂ ಒಂದು ಕಡೆ ಅಳಿದದ್ದು ಇನ್ನೊಂದು ಕಡೆ ಕೂಡಿಕೊಳ್ಳುತ್ತದೆ. ಅದಕ್ಕೇ ಮೇಲಿನ ಸ್ವರ ಉಳಿಯುತ್ತದೆ. ಹಾಡುವವರ ದನಿ ಮಾತ್ರ ನಡುವೆ ನಿಲ್ಲದೆ ಹಾಲೆಲ್ಲ ಚೆಲ್ಲಿದ ಹಾಗೆ ಕೇಳುತ್ತದೆ.

ಎರಡನ್ನೂ ಉಲ್ಟಾ ಕೊಟ್ಟರೆ? ಡಗ್ಗಾ ವಾಪಸ್! ಎರಡೂ ಒಟ್ಟಿಗೇ ತಳ್ಳಿ ಒಟ್ಟಿಗೇ ಎಳೆಯುವ ಒಪ್ಪಂದ ಉಳಿಯಿತಲ್ಲ. ಇದನ್ನು ಮಾಡಿ ನೋಡಿದ ಮೇಲೆಯೇ ನನಗೆ ಪೂರ್ತಿ ನಂಬಿಕೆ ಬಂದದ್ದು.

ಟರ್ಮಿನಲ್ ಬಣ್ಣ ಮಾಸಿದ್ದರೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಮೊದಲು ಆಂಪ್‌ನಿಂದ ವೈರ್ ಬಿಚ್ಚಿ. ಸೆಲ್ಲಿನ ತುದಿಗಳನ್ನು ಕೆಳಗಿನ ಸ್ವರದ ದೊಡ್ಡ ಸ್ಪೀಕರ್, ಅಂದರೆ ವೂಫರ್‌ಗೆ ಒಂದು ಕ್ಷಣ ತಾಗಿಸಿ. ಕೋನ್ ಮುಂದಕ್ಕೆ ಹಾರಿದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಕೆಂಪು. ಹಿಡಿದುಕೊಂಡೇ ಇರಬೇಡಿ, ತಾಗಿಸಿ ತೆಗೆಯಿರಿ. ವೈರಿನ ಎರಡು ಎಳೆಯೂ ಒಂದೇ ಬಣ್ಣವಾದರೆ ಒಂದು ಎಳೆಗೆ ಎರಡೂ ತುದಿಯಲ್ಲಿ ನೇಲ್ ಪಾಲಿಶ್ ಹಚ್ಚುವುದು ನನ್ನ ಉಪಾಯ. ಯಾವ ಎಳೆ ಎಂದು ಖಚಿತ ಮಾಡಿಕೊಳ್ಳಲು ಮಲ್ಟಿಮೀಟರಿನ ಬೀಪ್ ಇದೆ. ಒಂದು ಎಚ್ಚರಿಕೆ: ಪೆಟ್ಟಿಗೆಯೊಳಗೆ ಟ್ವೀಟರ್ (ಮೇಲಿನ ಸ್ವರದ ಚಿಕ್ಕ ಸ್ಪೀಕರ್) ಉಲ್ಟಾ ಕೊಟ್ಟಿರುವುದು ಕಂಡರೆ ಸರಿ ಮಾಡಲು ಹೋಗಬೇಡಿ. ಸ್ವರಗಳನ್ನು ಇವೆರಡಕ್ಕೆ ಹಂಚುವ ಎಷ್ಟೋ ಕ್ರಾಸ್‌ಓವರ್‌ಗಳಲ್ಲಿ ಬೇಕೆಂದೇ ಹಾಗೆ ಮಾಡಿರುತ್ತಾರೆ.

ವೈರ್ ಎಷ್ಟು ದಪ್ಪ?

ಎಸ್‌.ಪಿ. ರೋಡಿನ (ಬೆಂಗಳೂರು) ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸ್ಪೀಕರ್ ವೈರ್ ಕೇಳಿದರೆ "14/36 ಕೊಡಲಾ, 40/36 ಕೊಡಲಾ" ಅನ್ನುತ್ತಾರೆ. ಮೊದಲನೆಯದು ಒಳಗಿನ ಎಳೆಗಳ ಸಂಖ್ಯೆ, ಎರಡನೆಯದು ಒಂದೊಂದು ಎಳೆಯ ಗೇಜ್, ಅಂದರೆ ದಪ್ಪದ ನಂಬರ್. 36 ಗೇಜ್ ಎಳೆಯ ವ್ಯಾಸ ಸುಮಾರು 0.19 ಮಿ.ಮೀ. ಹಾಗಾಗಿ 14/36 ಅಂದರೆ ಸುಮಾರು 0.41 ಚದರ ಮಿ.ಮೀ. ತಾಮ್ರ, 40/36 ಅಂದರೆ ಸುಮಾರು 1.17.

ಒಂದು ಚದರ ಮಿ.ಮೀ. ತಾಮ್ರಕ್ಕೆ ಮೀಟರಿಗೆ 0.0172 ಓಮ್ ರೋಧ. ನನ್ನ ದೂರದ ಸ್ಪೀಕರ್‌ಗೆ 10 ಮೀಟರ್ ವೈರ್. ಇಲ್ಲೂ ಒಮ್ಮೆ ಜಾರಿದೆ: 10 ಅಲ್ಲ, 20 ಮೀಟರ್ ಎಂದು ಲೆಕ್ಕ ಹಾಕಬೇಕು. ಹೋಗಲು ಹತ್ತು, ಬರಲು ಹತ್ತು. 14/36 ಆದರೆ 0.84 ಓಮ್, 40/36 ಆದರೆ 0.29 ಓಮ್. 8 ಓಮ್ ಸ್ಪೀಕರ್‌ನಲ್ಲಿ ತೆಳು ವೈರಿನಿಂದ ಸ್ಪೀಕರ್‌ಗೆ ತಲುಪುವ ಪವರ್ 18% ಕಡಿಮೆ. ಕೇಳಲು ಭಯಂಕರ, ಆದರೆ ಅದು ಒಂದು ಡೆಸಿಬೆಲ್ಲೂ ಇಲ್ಲ. 4 ಓಮ್ ಸ್ಪೀಕರ್ ಆದರೆ 32% ಹೋಗುತ್ತದೆ, ಅಲ್ಲಿ ದಪ್ಪ ವೈರ್ ಬೇಕೇ ಬೇಕು. ವೈರಿನ ಒಟ್ಟು ರೋಧ ಸ್ಪೀಕರ್ ಓಮಿನ 5% ದಾಟಬಾರದು ಎನ್ನುವ ಅಳತೆ ಇಟ್ಟುಕೊಂಡರೆ ಸಾಕು.

ಸದ್ದು ಕಡಿಮೆಯಾಗುವುದಕ್ಕಿಂತ ಅದರ ಗುಣ ಬದಲಾಗುವುದು ಮುಖ್ಯ. 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಅಲ್ಲ. ಕೆಲವು ಕಡೆ 6ರ ಹತ್ತಿರ, ವೂಫರಿನ ಅನುರಣನದ ಜಾಗದಲ್ಲಿ (ಕೋನ್ ತಾನಾಗಿ ಜೋರಾಗಿ ಅಲುಗುವ ಸ್ವರದಲ್ಲಿ) 20–30 ಕೂಡ ಆಗಬಹುದು. ವೈರ್ ತೆಳುವಾಗಿದ್ದರೆ ಕಡಿಮೆ ಓಮ್ ಇರುವ ಸ್ವರಗಳು ಜಾಸ್ತಿ ಸೊರಗುತ್ತವೆ. ಸಮತೋಲ ಕೆಡುವುದು ಹೀಗೆ.

ಅಂದಹಾಗೆ, 0.29 ಓಮನ್ನು ಸಾದಾ ಮಲ್ಟಿಮೀಟರಿನಲ್ಲಿ ನೇರವಾಗಿ ನಂಬಬೇಡಿ. ಪ್ರೋಬ್ ಎರಡನ್ನೂ ಒಂದಕ್ಕೊಂದು ತಾಗಿಸಿದರೆ ನನ್ನದು 0.3 ತೋರಿಸುತ್ತದೆ! ಅದನ್ನು ಕಳೆದ ಮೇಲೂ ಉಳಿಯುವುದು ಅಂದಾಜು ಮಾತ್ರ.

"ಆಕ್ಸಿಜನ್ ಇಲ್ಲದ ತಾಮ್ರ" ಎಂದು ದುಬಾರಿ ವೈರ್ ಮಾರುತ್ತಾರೆ. ಸಾಮಾನ್ಯ ಒಳ್ಳೆಯ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿ ವ್ಯತ್ಯಾಸ ಶೇಕಡಾ ಒಂದರ ಆಸುಪಾಸು. ಆ ದುಡ್ಡಿಗೆ ಇನ್ನೊಂದು ಸುತ್ತು ದಪ್ಪ ವೈರ್ ಬರುತ್ತದೆ. ನಿಜವಾಗಿ ನೋಡಬೇಕಾದ್ದು ತಾಮ್ರ ಬಳಿದ ಅಲ್ಯೂಮಿನಿಯಂ. ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ರೋಧ ಸುಮಾರು ಒಂದೂವರೆ ಪಟ್ಟು ಎಂದು ಲೆಕ್ಕ ಹಾಕಿ.

ಜೋಡಣೆ

ಆಂಪ್ ಆಫ್ ಮಾಡಿಯೇ ಕೈ ಹಾಕಿ. ತುದಿ ಕಪ್ಪಾಗಿದ್ದರೆ ಕತ್ತರಿಸಿ ಹೊಸದಾಗಿ ಸುಲಿಯಿರಿ. ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ, ಒಂದು ಕೂದಲೆಳೆ ಪಕ್ಕದ ಟರ್ಮಿನಲ್ ಮುಟ್ಟಿದರೆ ಶಾರ್ಟ್. ಸ್ಕ್ರೂ ಅಡಿ ಹೋಗುವ ತುದಿಗೆ ಸೋಲ್ಡರ್ ಬೇಡ. ಸೋಲ್ಡರ್ ಮೆದು, ಒತ್ತಡಕ್ಕೆ ನಿಧಾನವಾಗಿ ಜರುಗಿ ಸ್ಕ್ರೂ ಸಡಿಲವಾಗುತ್ತದೆ. ಅಲ್ಲಿಗೆ ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಒತ್ತಿ ಹಾಕಿ.

ಕೊನೆಯದಾಗಿ, ವೈರ್ ಉಳಿಸಲು ಎರಡು ಸ್ಪೀಕರ್‌ಗಳ ಮೈನಸ್ ಸೇರಿಸಿ ಮೂರು ಎಳೆಯಲ್ಲಿ ಮುಗಿಸೋಣ ಎಂದು ನನಗೂ ಅನಿಸಿತ್ತು. ಪಿಎಎಂ8403 ಥರದ ಚಿಕ್ಕ ಆಂಪ್ ಬೋರ್ಡುಗಳಲ್ಲಿ, ಎಷ್ಟೋ ಕಾರ್ ಸ್ಟೀರಿಯೋಗಳಲ್ಲಿ ಔಟ್‌ಪುಟ್ ಬ್ರಿಡ್ಜ್ ಮಾದರಿಯದು. ಅಲ್ಲಿ ಮೈನಸ್ ಅಂದರೆ ಗ್ರೌಂಡ್ ಅಲ್ಲ, ಅದಕ್ಕೂ ಸಿಗ್ನಲ್ ಇರುತ್ತದೆ. ಒಂದಕ್ಕೊಂದು ಸೇರಿಸಿದರೆ ಐಸಿ ಸುಡಬಹುದು. ನಾಲ್ಕು ಎಳೆಯೇ ಎಳೆಯಿರಿ.