ಸೀಲಿಂಗಿನ ಕಲೆ ಓದುವುದು: ಕೊಡಗಿನ ಮಳೆಗೆ ತಕ್ಕ ನೋಟ್ಸ್

ಮೊದಲು ಇದನ್ನು ಬರೆದುಕೊಳ್ಳಿ. ಸೀಲಿಂಗಿನಲ್ಲಿ ಕಲೆ ಎಲ್ಲಿದೆಯೋ ಅಲ್ಲೇ ನೀರು ಒಳಗೆ ಬಂದಿದೆ ಅಂತ ಇಲ್ಲ. ಹೆಂಚಿನ ಮನೆಯಲ್ಲಿ ಒಂದು ಹೆಂಚು ಸ್ವಲ್ಪ ಸರಿದರೆ ಸಾಕು, ನೀರು ಪಕಾಸಿ (ಮಾಡಿನ ಇಳಿಜಾರು ಮರದ ಪಟ್ಟಿ) ಹಿಡಿದು ಕೆಳಕ್ಕೆ ಹರಿದು, ದಾರಿಯಲ್ಲಿ ಮೊಳೆಯೋ ಗಂಟೋ ಅಡ್ಡ ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಅಟ್ಟ ಹತ್ತಿ, ಕಲೆಯಿಂದ ಮಾಡಿನ ನೆತ್ತಿ ಕಡೆಗೆ ಹುಡುಕುತ್ತಾ ಹೋಗಿ. ಮರದ ಮೇಲೆ ನೀರು ಹರಿದ ಕಪ್ಪು ಗೆರೆ ಕಾಣುತ್ತದೆ.

ತಾರಸಿ ಮನೆಯಲ್ಲಿ ಇನ್ನೂ ಕಷ್ಟ. ಸ್ಲ್ಯಾಬಿನೊಳಗೆ ಇಳಿದ ನೀರು ವೈರಿಂಗ್ ಪೈಪಿನಲ್ಲಿ ಹರಿದು ಫ್ಯಾನ್ ಬಾಕ್ಸಿನಿಂದ ಹೊರಬರಬಹುದು. ಹಾಗೆ ಬಂದರೆ ಸ್ವಿಚ್ ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ.

ಕಲೆಯ ಅಂಚು ಯಾಕೆ ಜಾಸ್ತಿ ಕಂದು? ನೀರು ಬರುವಾಗ ದಾರಿಯ ಧೂಳು, ಉಪ್ಪು, ಮರದ ಬಣ್ಣ ಎಲ್ಲ ಕರಗಿಸಿಕೊಂಡು ಬರುತ್ತದೆ. ಒಣಗುವಾಗ ಅದೆಲ್ಲ ಅಂಚಿನಲ್ಲಿ ಉಳಿಯುತ್ತದೆ. ಒಂದರೊಳಗೊಂದು ಉಂಗುರ ಇದ್ದರೆ ನೀರು ಹಲವು ಸಲ ಬಂದು ಒಣಗಿದೆ ಅಂತ ಅರ್ಥ. ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಜೋರು ಮಳೆಗೆ ಗೆರೆ ದಾಟಿದರೆ ಸೋರಿಕೆ ಈಗಲೂ ಇದೆ. ಮಳೆ ಇಲ್ಲದಾಗಲೂ ಬೆಳೆದರೆ ಮೇಲಿನ ಬಾತ್‌ರೂಮ್ ಅಥವಾ ನೀರಿನ ಪೈಪ್ ನೋಡಿ.

ಕೈಯಿಟ್ಟು ತಂಪು ಅನ್ನಿಸಿತು ಅಂತ ಮಾತ್ರ ತೀರ್ಮಾನಿಸಬೇಡಿ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ಕೊಡವ ತಿಂಗಳಲ್ಲಿ, ನಮ್ಮಲ್ಲಿ ಯಾವ ಗೋಡೆ ಒಣಗಿರುತ್ತದೆ ಹೇಳಿ? ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಸೀಲಿಂಗಿಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹನಿ ಕೋಣೆಯ ಕಡೆ ಕೂತರೆ ಅದು ಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಿಸಬೇಕು. ಹಾಳೆಯ ಹಿಂದೆ ಕೂತರೆ ತೇವ ಸ್ಲ್ಯಾಬಿನಿಂದ ಬರುತ್ತಿದೆ.

ಕಾರಣ ಎಷ್ಟೋ ಸಲ ತುಂಬಾ ಸಣ್ಣದು. ತೋಟದ ಪಕ್ಕದ ಮನೆಗಳಲ್ಲಿ ಸಿಲ್ವರ್ ಓಕ್ ಎಲೆ ಉದುರಿ ತಾರಸಿಯ ನೀರು ಹೋಗುವ ಪೈಪಿನ ಬಾಯಿ ಮುಚ್ಚಿಬಿಡುತ್ತದೆ, ನೀರು ನಿಲ್ಲುತ್ತದೆ, ನಿಂತ ನೀರು ಕೂದಲೆಳೆಯಷ್ಟು ಬಿರುಕಿದ್ದರೂ ಇಳಿಯುತ್ತದೆ. ಮೀಟರಿಗೆ 1 ಸೆಂ.ಮೀ. ಇಳಿಜಾರಾದರೂ ತಾರಸಿಗೆ ಬೇಕು.

ನಿಜವಾಗಿ ಹೆದರಬೇಕಾದ್ದು ಸ್ಲ್ಯಾಬಿನೊಳಗಿನ ಕಂಬಿಯ ತುಕ್ಕಿಗೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಅದಕ್ಕೇ ಕಾಂಕ್ರೀಟ್ ಒಡೆದು ಉದುರುತ್ತದೆ. ಪಕ್ಕದಲ್ಲಿ ನಿಂತು ಉದ್ದ ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ, ಅಥವಾ ಕಂಬಿಯೇ ಕಂಡರೆ, ಅದರ ಕೆಳಗೆ ಯಾರೂ ಮಲಗಬಾರದು. ಸುಮ್ನೆ ಪುಟ್ಟಿ ಮೆತ್ತಬೇಡಿ, ಇಂಜಿನಿಯರ್ ಕರೆಸಿ.

ಜಿಪ್ಸಮ್ ಸೀಲಿಂಗ್ ನೀರು ತುಂಬಿ ಉಬ್ಬಿದ್ದರೆ, ಕರೆಂಟ್ ತೆಗೆದು, ಬಕೆಟ್ ಇಟ್ಟು, ಬದಿಗೆ ನಿಂತು, ಉಬ್ಬು ಎಲ್ಲಕ್ಕಿಂತ ಕೆಳಗೆ ಜೋತಿರುವ ಕಡೆ ಸಣ್ಣ ತೂತು ಮಾಡಿ. ಇಲ್ಲದಿದ್ದರೆ ಇಡೀ ಹಲಗೆ ಒಮ್ಮೆಲೇ ಕುಸಿಯಬಹುದು.

ಮಳೆಗಾಲದಲ್ಲಿ ಟಾರ್ಪಾಲು ಹಾಕಿ ತಡೆದುಕೊಳ್ಳಿ. ಒದ್ದೆ ತಾರಸಿಗೆ ಬಳಿದ ವಾಟರ್‌ಪ್ರೂಫಿಂಗ್ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಪದರ ಪದರವಾಗಿ ಏಳುತ್ತದೆ. ಆ ಕೆಲಸ ಫೆಬ್ರವರಿ, ಮಾರ್ಚ್ ಬಿಸಿಲಿಗೆ. ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಸುಮಾರು 25 ಮಿ.ಮೀ. ನೀರು ಒಂದೆರಡು ದಿನ ನಿಲ್ಲಿಸಿ, ಕೆಳಗಿನಿಂದ ನೋಡಿ. ತೇವ ಕಾಣದಿದ್ದರೆ ಮಾತ್ರ ಪೇಂಟ್. ಅದಕ್ಕೂ ಮೊದಲು ಆಯಿಲ್ ಪ್ರೈಮರ್ ಹೊಡೆಯಿರಿ, ಬರೀ ವಾಟರ್ ಪೇಂಟ್ ಬಳಿದರೆ ಹಳೇ ಕಲೆ ಮತ್ತೆ ಮೇಲೆ ಬರುತ್ತದೆ.